ರಸ್ತೆ ತಿರುಗಿಸಿದವನು

ಹದಿನಾಲ್ಕನೇ ತಾರೀಕು, ಮಂಗಳವಾರ, ಮಧ್ಯಾಹ್ನ 3:40ಕ್ಕೆ ಕಂಟ್ರಾಕ್ಟರ್ ಠಾಣೆಗೆ ನುಗ್ಗಿದ. ಹೊಸ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನಗರಸಭೆ ಚುನಾವಣೆಗೆ ನಾಮಪತ್ರ ಸಲ್ಲಿಸಲು ಮೂರು ಗಂಟೆಯ ಗಡುವು. ಅವನು ಕಚೇರಿಯ ಗೇಟು ಮುಟ್ಟಿದ್ದು 3:12ಕ್ಕೆ. ದಾರಿಯಲ್ಲಿ ಯಾರೋ ‘ರಸ್ತೆ ಬಂದ್’ ಬೋರ್ಡಿಟ್ಟು, ಬಾಣದ ಗುರುತು ತೋರಿಸಿ, ಅವನ ಇಪ್ಪತ್ತು ಕಾರುಗಳ ಮೆರವಣಿಗೆಯನ್ನು ಜಲ್ಲಿ ಕಾರ್ಖಾನೆಯ ಹಿಂದಿನ ಗಲ್ಲಿಗೆ ತಿರುಗಿಸಿದ್ದರು. ಮುಂದೆ ಗೋಡೆ, ಹಿಂದೆ ತನ್ನವೇ ಹತ್ತೊಂಬತ್ತು ಕಾರು. ಒಂದೇ ಕಾರಿನಲ್ಲಿ ಹೋಗಿದ್ದರೆ ಐದು ನಿಮಿಷದಲ್ಲಿ ವಾಪಸು ಬರಬಹುದಿತ್ತು. ಮಹಾಶಯನಿಗೆ ಠೀವಿ ಬೇಕಿತ್ತಲ್ಲ!

ಆಕ್ಷೇಪ ಎತ್ತಲು ಎದುರಾಳಿಗೆ ಪುರುಸೊತ್ತು ಸಿಗಬಾರದೆಂದೇ ಕೊನೆಯ ಗಳಿಗೆಗೆ ಹೊರಟದ್ದು ಎಂದು ಅವನೇ ಹೇಳಿಕೊಂಡ. ಹೊರಡುವ ಹೊತ್ತನ್ನು ಎರಡು ದಿನದಿಂದ ಮೈಕಿನಲ್ಲಿ ಸಾರಿಸಿದ್ದನಂತೆ. ಇನ್‌ಸ್ಪೆಕ್ಟರಿಗೆ ಬಂದ ನಗುವನ್ನು ಆಕೆ ನುಂಗಿಕೊಂಡಳು. 3:55ಕ್ಕೆ ಎಫ್‌ಐಆರ್ ದಾಖಲಾಯಿತು. ಶಾಯಿ ಒಣಗುವ ಮೊದಲೇ ಮೇಲಿನವರ ಫೋನು: ಎದುರಾಳಿಯ ಕಡೆಯವರನ್ನು ಸಂಜೆಯೊಳಗೆ ಎತ್ತಿಹಾಕಿಕೊಂಡು ಬನ್ನಿ.

4:20ಕ್ಕೆ ಸ್ಥಳ ಪಂಚನಾಮೆ. ಇನ್‌ಸ್ಪೆಕ್ಟರ್ ನಿಂತಲ್ಲಿ ನಿಲ್ಲಲಾರದೆ ಮೂರು ಸಲ ಅತ್ತಿಂದಿತ್ತ ನಡೆದಳು. ಹಿಂದೆ ಬಂದ ಬೈಕಿನವರು ಬಯ್ದುಕೊಂಡು ಪಕ್ಕದಲ್ಲಿ ನುಸುಳುತ್ತಿದ್ದರು. ಎರಡು ಬೋರ್ಡು, ಓರೆಯಾಗಿ ಹನ್ನೊಂದು ಕೋನು. ಬೋರ್ಡಿನ ಕಾಲಿಗೆ ಮರಳು ಚೀಲ. ನೂರೈವತ್ತು ಹೆಜ್ಜೆ ಮೊದಲೇ ಇನ್ನೊಂದು ಬೋರ್ಡು: ‘ನಿಧಾನವಾಗಿ ಚಲಿಸಿ.’

“ಇದನ್ನ ಯಾಕೆ ಇಟ್ಟ?” ಅಂದಳು.

“ಬೈಕಿನವ್ರು ಗಕ್ಕನೆ ಬ್ರೇಕ್ ಹಾಕಿ ಬೀಳಬಾರ್ದಲ್ಲ, ಮೇಡಂ,” ಅಂದ ಹೆಡ್ ಕಾನ್‌ಸ್ಟೇಬಲ್. ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು.

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ರಾಜಕೀಯದ ಪುಂಡರಾಗಿದ್ದರೆ ಒಂದು ಟೈರು ಸುಟ್ಟು ಹೋಗುತ್ತಿದ್ದರು. ಊರಿಗೇ ಚಳ್ಳೆಹಣ್ಣು ತಿನ್ನಿಸುವಾಗಲೂ ಯಾರಿಗೂ ತರಚು ಗಾಯ ಆಗಬಾರದೆಂದವನು ಪುಂಡನಲ್ಲ, ರಸ್ತೆ ಕೆಲಸದವನು. ಮತ್ತೆ ಫೋನು ಹೊಡೆದುಕೊಂಡಿತು. ಆಕೆ ಎತ್ತಲಿಲ್ಲ.

4:50ಕ್ಕೆ ನಗರಸಭೆಯ ಉಗ್ರಾಣ. ಮರಳು ಚೀಲದ ಮಾತು ಕೇಳಿ ಉಗ್ರಾಣದವನು ಮೊದಲು ನಕ್ಕ, ಆಮೇಲೆ ನಕ್ಕದ್ದಕ್ಕೆ ಪೆಚ್ಚಾದ. ಹಾಗೆ ಇಡುವವನು ಒಬ್ಬನೇ ಅಂತೆ. ಬೋರ್ಡು ನಿಲ್ಲುವವರೆಗೆ ಗುದ್ದಲಿ ಮುಟ್ಟುವುದಿಲ್ಲವೆಂದು ಜೊತೆಯವರು ‘ಬೋರ್ಡಪ್ಪ’ ಎಂದು ಆಡಿಕೊಳ್ಳುತ್ತಾರಂತೆ. ಬೋರ್ಡು, ಕೋನು ಒಯ್ದ ರಿಜಿಸ್ಟರಿನಲ್ಲಿ ಮಧ್ಯಾಹ್ನ 1:30ಕ್ಕೆ ಅವನದೇ ಸಹಿ, ಗುಂಡಗೆ, ಮುಚ್ಚುಮರೆಯಿಲ್ಲದೆ.

5:25ಕ್ಕೆ ಅವನು ಸಿಕ್ಕಿದ್ದು ಚರಂಡಿ ದುರಸ್ತಿಯ ಹತ್ತಿರ. ಜೀಪು ಕಂಡರೂ ಓಡಲಿಲ್ಲ.

“ಇದೊಂದು ಕೋನು ಇಟ್ಟು ಬರ್ತೀನಿ, ಮೇಡಂ. ಒಳಗೆ ಇಬ್ರು ಇಳಿದಿದಾರೆ.”

ಆಕೆ ಕಾದಳು. 5:30ಕ್ಕೆ ದಸ್ತಗಿರಿ.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಅವನು ಏನನ್ನೂ ಅಲ್ಲಗಳೆಯಲಿಲ್ಲ. ಹೋದ ವರ್ಷ ಅದೇ ರಸ್ತೆಗೆ ಡಾಂಬರು ಹಾಕಿಸುವಾಗ ಅದೇ ಕಂಟ್ರಾಕ್ಟರ್, ಬೋರ್ಡು ಇಡುತ್ತ ಕೂತರೆ ಒಂದು ಗಂಟೆ ಹಾಳು, ಮೊದಲು ಡಾಂಬರು ಸುರಿಯಿರಿ ಎಂದು ಗದರಿದ್ದ. ಬಗ್ಗಿ ಜಲ್ಲಿ ಹರಡುತ್ತಿದ್ದ ಬೋರ್ಡಪ್ಪನ ಹೆಂಡತಿಯ ಮೇಲೆ ಲಾರಿ ಹರಿಯಿತು. ಕೇಸು ಲಾರಿ ಡ್ರೈವರಿನ ತಲೆಗೆ ಕಟ್ಟಿ ಮುಗಿಯಿತು. ಕಂಟ್ರಾಕ್ಟರ್ ಚುನಾವಣೆಗೆ ನಿಂತ.

“ಆಗಲೇ ದೂರು ಕೊಡಬಹುದಿತ್ತಲ್ಲ?”

“ಕೊಡೋಕೆ ಇಲ್ಲಿಗೇ ಬಂದಿದ್ದೆ, ಮೇಡಂ. ಕೂತ್ಕೋ ಅಂದ್ರಿ. ಮೂರು ದಿನ ಬಂದು ಕೂತೆ.”

ಅದರಲ್ಲಿ ಸಿಟ್ಟಿರಲಿಲ್ಲ. ಆಕೆಗೆ ಅವನ ಮುಖ ನೆನಪಾಗಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಹಳೆಯ ಕಡತ ಹುಡುಕಿ ತಂದ. ಕೊನೆಯ ಹಾಳೆಯಲ್ಲಿ ‘ಲಾರಿ ಚಾಲಕನ ನಿರ್ಲಕ್ಷ್ಯ, ತನಿಖೆ ಮುಕ್ತಾಯ’. ಕೆಳಗೆ ಅವಳದೇ ಸಹಿ.

6:10ಕ್ಕೆ ದಸ್ತಗಿರಿ ಪತ್ರಕ್ಕೆ ಬೋರ್ಡಪ್ಪನ ಸಹಿ ಹಾಕಿಸಿದಳು. ಹೊರಗೆ ಕಂಟ್ರಾಕ್ಟರ್ ಯಾರು ಸಿಕ್ಕಿದ್ದು ಎಂದು ಕೂಗಾಡುತ್ತಿದ್ದ. ಅವನನ್ನು ಹೋಗಲು ಬಿಡಬೇಡಿ ಎಂದು ಹೆಡ್ ಕಾನ್‌ಸ್ಟೇಬಲ್‌ಗೆ ಹೇಳಿ, ಇನ್ನೊಂದು ಖಾಲಿ ಹಾಳೆ ಎಳೆದುಕೊಂಡಳು. ಬೋರ್ಡಪ್ಪ ಇನ್ನೂ ನಿಂತೇ ಇದ್ದ. ಕೂತ್ಕೋ ಎನ್ನಲು ಆಕೆಗೆ ಬಾಯಿ ಬರಲಿಲ್ಲ. ತಾನೂ ಎದ್ದು ನಿಂತು, “ನಿನ್ನ ದೂರು ಹೇಳಪ್ಪಾ, ಬರ್ಕೋತೀನಿ,” ಅಂದಳು.