ಮೂರು ದಿನದ ಸುಣ್ಣ

"ಒಳಕೋಣೆಗೆ ಮಾತ್ರ ಸಿಮೆಂಟು ಮುಟ್ಟಿಸಬೇಡಿ ಸಾರ್," ಎಂದ ಅಣ್ಣು ಮೇಸ್ತ್ರಿ. "ಅದು ಸುಣ್ಣದ ಗೋಡೆ. ಅದಕ್ಕೆ ಉಸಿರು ಉಂಟು."

ದಾಮೋದರ ನಕ್ಕ. ಬಯಲುಸೀಮೆಯಿಂದ ಕಾರ್ಕಳಕ್ಕೆ ವರ್ಗವಾಗಿ ಬಂದು ಎರಡು ತಿಂಗಳಾಗಿದ್ದ ಈ ಇಂಜಿನಿಯರನಿಗೆ ಇಲ್ಲಿಯ ಎಲ್ಲದರ ಮೇಲೂ ನಗು. ಕುಚ್ಚಲಕ್ಕಿ ಗಂಜಿಯ ಮೇಲೆ, ಜನರ ಮಾತಿನ ಮೇಲೆ, ಕಲ್ಲಿಗೆ ಕೈಮುಗಿಯುವವರ ಮೇಲೆ. ನಗಲಿ ಬಿಡಿ. ನಗುವುದಕ್ಕೂ ಉಸಿರು ಬೇಕು, ಆಗಿನ್ನೂ ಅದು ಅವನಲ್ಲಿ ಧಾರಾಳವಾಗಿತ್ತು.

ಬಜಗೋಳಿ ದಾಟಿ ಒಂದು ಮೈಲು ಹೋದರೆ ಹಿಂದೆ ಊರಾಡಳಿತ ನಡೆಸುತ್ತಿದ್ದ ಪಾರುಪತ್ಯಗಾರನ ಕಚೇರಿ. ಆಳೆತ್ತರದ ಕೆಂಪು ಮುರಕಲ್ಲಿನ ಗೋಡೆಗಳು ಅಲ್ಲಲ್ಲಿ ಬಿರುಕು ಬಿಟ್ಟಿದ್ದವು. ೧೯೭೯ರ ಬೇಸಗೆಯಲ್ಲಿ ಅದನ್ನು ಸರಿಮಾಡಿ ಉಗ್ರಾಣವಾಗಿಸುವ ಕೆಲಸ ದಾಮೋದರನ ಪಾಲಿಗೆ ಬಂದಿತ್ತು. ಪರ್ಮಿಟ್ಟಿನ ಸಿಮೆಂಟು ಸಿಕ್ಕಿದ್ದೇ ತಡ, ಅವನಿಗೆ ನೆಲ ಕಾಣದಾಯಿತು.

ಕಟ್ಟಡದ ಹಿಂದೆ ಒಂದು ಸುಣ್ಣದ ಗುಂಡಿ. ಅದನ್ನು ಕಾಯುತ್ತಿದ್ದವಳು ಅಪ್ಪಿ, ಮರುವಾಯಿ ಎಂಬ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುವ ಎಪ್ಪತ್ತರ ಮುದುಕಿ. ವರ್ಷವಿಡೀ ನೀರಿನಡಿ ಕೊಳೆತ ಸುಣ್ಣ ಬೆಣ್ಣೆಯ ಹಾಗಿರುತ್ತಿತ್ತು. ವರ್ಷಕ್ಕೊಮ್ಮೆ ಅದನ್ನು ಒಳಕೋಣೆಗೆ ಬಳಿಯುವುದು ಅವಳ ಮನೆಯ ಹೆಂಗಸರ ಪಾಲಿನ ಕೆಲಸ.

"ಯಾರ ಉಸಿರಂತೆ ಅಜ್ಜಿ ಅದು?" ದಾಮೋದರ ಕೇಳಿದ.

"ನನ್ನ ಅಜ್ಜಿಯ ಅಜ್ಜಿಗೆ ಒಬ್ಬ ಮಗ ಇದ್ದ. ಎದುರು ಮಾತಾಡಿದ ಅಂತ ಪಾರುಪತ್ಯಗಾರ ಅವನನ್ನು ಕಿಟಕಿ ಇಲ್ಲದ ಆ ಕೋಣೆಯಲ್ಲಿ ಕೂಡಿ ಹಾಕಿದ. ಗಾಳಿ ಇಲ್ಲದೆ ಸತ್ತ. ಅವಳು ಮಗನ ಬೂದಿಯನ್ನು ಸುಣ್ಣಕ್ಕೆ ಕಲಸಿ ಅದೇ ಗೋಡೆಗೆ ಮೆತ್ತಿ ಮಾಟ ಮಾಡಿದಳು. ಈ ಗೋಡೆಯ ಉಸಿರು ನನ್ನ ಮಗನದ್ದು, ಇದನ್ನು ತಡೆದವನ ಉಸಿರು ತಡೆಯಲಿ ಅಂತ."

"ಊಟಾನೂ ಹಾಕ್ತೀಯಾ ಗೋಡೆಗೆ?"

ಅಪ್ಪಿ ಅವನ ಬಾಯಿಯನ್ನೇ ನೋಡಿದಳು, ನೋಡಿ ಎದ್ದುಹೋದಳು.

ಮರುದಿನ ದಾಮೋದರ ಗುಂಡಿಗೆ ಕಲ್ಲುಮಣ್ಣು ತುಂಬಿಸಿದ. ಅಣ್ಣು ಒಳಕೋಣೆಯ ಕೆಲಸಕ್ಕೆ ಬರಲೊಲ್ಲದೆ ಹೊರಗೇ ಕುಳಿತ. ಸರಿ, ಕರಣೆ ತಾನೇ ಹಿಡಿದ ಇಂಜಿನಿಯರ್. ಹಳೆಯ ಗಾರೆ ಕೆರೆದು ಬೂದುಬಣ್ಣದ ಸಿಮೆಂಟು ಒತ್ತಿದ. ಕೊನೆಯ ಅಂಗೈಯಗಲದ ಜಾಗ ಮುಚ್ಚುವಾಗ ಗೋಡೆಯೊಳಗಿಂದ ಸುಯ್ ಎಂಬ ಸದ್ದು ಬಂತು. ಬಂದಷ್ಟೇ ಬೇಗ ನಿಂತಿತು. ಗಾಳಿ ಸಿಕ್ಕಿಕೊಂಡಿದೆ, ಎಂದುಕೊಂಡು ಕೈತೊಳೆದ.

ಮಾರನೆಯ ದಿನ ತನ್ನ ಕಚೇರಿಯ ಮೆಟ್ಟಿಲು ಹತ್ತುವಾಗ ಉಸಿರು ಗಂಟಲಿನಿಂದ ಕೆಳಗಿಳಿಯಲಿಲ್ಲ. ನಾಲ್ಕನೆಯ ದಿನ ಮಾತಿನ ನಡುವೆ ಬಾಯಿ ತೆರೆದು ನಿಲ್ಲುವಂತಾಯಿತು. ಮಣಿಪಾಲದ ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿ, ಏನೂ ತೊಂದರೆಯಿಲ್ಲ ಎಂದರು. ಆಮೇಲೆ ಮೂಗು ಹಿಂಡಿಕೊಂಡರು. "ಎಲ್ಲಿ ಮಲಗ್ತೀರಿ ನೀವು? ನಿಮ್ಮ ಉಸಿರಿಗೆ ಒದ್ದೆ ಗೋಡೆಯ ವಾಸನೆ ಉಂಟಲ್ಲ."

ಆ ಮಧ್ಯಾಹ್ನ ಅವನು ಒಳಕೋಣೆಯ ಬಾಗಿಲು ತೆರೆದ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಗ್ಗತ್ತಲು, ಕೊಳೆತ ಚಿಪ್ಪಿನ ನಾತ. ಟಾರ್ಚು ಹಾಕಿದ. ಸಿಮೆಂಟು ಬೆವರುತ್ತಿತ್ತು. ಬೆವರು ಇಳಿದಲ್ಲಿ ಕಪ್ಪು ಕಲೆ, ಅಂಗೈ ಗೋಡೆಗೊತ್ತಿ ಬಾಯಿ ತೆರೆದ ಮನುಷ್ಯನ ಆಕಾರದ್ದು, ಆಳೆತ್ತರದ್ದು. ದಾಮೋದರನಿಗೆ ಭಯವಾಯಿತು. ಹುಟ್ಟಿದಾಗಿನಿಂದ ಅಷ್ಟು ಭಯ ಅವನಿಗೆ ಆಗಿರಲಿಲ್ಲ.

ಅಪ್ಪಿಯ ಅಂಗಳಕ್ಕೆ ಹೋಗಿ ಕುಸಿದು ಕುಳಿತ.

"ಸಿಮೆಂಟು ಕಿತ್ತು ಸುಣ್ಣ ಬಳಿಯಬೇಕು," ಎಂದಳು ಅವಳು. "ಸುಣ್ಣ ಎಲ್ಲುಂಟು? ನೀವೇ ಮುಚ್ಚಿಸಿದ್ದಲ್ವಾ."

"ಹೊಸದು... ಮಾಡಿಕೊಡು."

"ಮಾಡುವ. ನಿಮಗಾಗಿ ಅಲ್ಲ, ಅವನಿಗಾಗಿ. ಸುಡಲಿಕ್ಕೆ ಒಂದು ದಿನ, ಕೊಳೆಸಲಿಕ್ಕೆ ನಲವತ್ತು ದಿನ."

"ಅಷ್ಟರಲ್ಲಿ... ಸಾಯ್ತೀನಿ."

"ಸಾಯುವುದಿಲ್ಲ. ಸಿಮೆಂಟು ಕಿತ್ತು ಬರಿಗಲ್ಲು ಬಿಡಿ. ಅರ್ಧ ಉಸಿರು ಬರ್ತದೆ. ಅದರಲ್ಲೇ ನಲವತ್ತು ದಿನ ಕಳೆಯಿರಿ. ಅವನಿಗೆ ಅಷ್ಟೂ ಸಿಗಲಿಲ್ಲ." ಅಪ್ಪಿ ಹತ್ತಿರ ಬಂದಳು. "ಅವಸರ ಮಾಡಬೇಡಿ. ನೀರಲ್ಲಿ ಅರಳದ ಒಂದು ಹರಳು ಜರಡಿಗೆ ಸಿಗದೆ ಉಳಿದರೂ ಅದು ಗೋಡೆಯೊಳಗೆ ಕುಳಿತು ನೀರು ಕುಡೀತದೆ. ಆಮೇಲೆ ಸಿಡೀತದೆ."

ಅಣ್ಣು ಉಳಿಯಿಂದ ಸಿಮೆಂಟು ಕಿತ್ತ. ಚಕ್ಕೆ ಬಿದ್ದಂತೆಲ್ಲ ದಾಮೋದರನಿಗೆ ಗುಟುಕು ಗುಟುಕಾಗಿ ಉಸಿರು ಸಿಕ್ಕಿತು. ಗೋಡೆ ಬರಿಯಾದಾಗ ಅರ್ಧ ಎದೆ ತುಂಬಿತು, ಅಪ್ಪಿ ಹೇಳಿದಷ್ಟೇ. ಹೊಸ ಗುಂಡಿಯಲ್ಲಿ ಸುಟ್ಟ ಚಿಪ್ಪು ನೀರು ಕಂಡು ಕುದಿಯಿತು, ಹೊಗೆಯಾಡಿತು, ತಣ್ಣಗಾಯಿತು.

ಮೂರನೆಯ ದಿನಕ್ಕೆ ದಾಮೋದರನ ತಾಳ್ಮೆ ಮುಗಿಯಿತು. ಗುಂಡಿಗೆ ಕೋಲು ಅದ್ದಿ ನೋಡಿದ. ಬೆಳ್ಳಗೆ, ನುಣ್ಣಗೆ ಕಂಡಿತು. ಪುಸ್ತಕದಲ್ಲಿ ಮೂರು ದಿನ ಸಾಕು ಎಂದು ಓದಿದ ನೆನಪು. ನಲವತ್ತು ದಿನ ಈ ಮುದುಕಿಯ ಕಾಲಡಿ ತೆವಳಬೇಕೇ? ಇನ್ನಷ್ಟು ಚಿಪ್ಪು ತರಲು ಅಪ್ಪಿ ಮಲ್ಪೆಯ ಬಸ್ಸು ಹತ್ತಿದ್ದಳು. ಅಣ್ಣು ಬೇಡ ಬೇಡ ಎಂದರೂ ಕೇಳದೆ, ತಾನೇ ಸುಣ್ಣ ಹೊತ್ತು, ಮರಳು, ಬೆಲ್ಲದ ನೀರು ಕಲಸಿ, ಮಧ್ಯಾಹ್ನದೊಳಗೆ ಇಡೀ ಗೋಡೆಗೆ ಮೆತ್ತಿದ.

ಉಸಿರು ಬಂತು. ಎದೆಯ ತಳದವರೆಗೆ ಬಂತು. ದಾಮೋದರ ಕೋಣೆಯ ನಡುವೆ ನಿಂತು ಹೊಟ್ಟೆ ತುಂಬ ಗಾಳಿ ಕುಡಿದ. ಮತ್ತೆ ಆ ಹಳೆಯ ನಗು ನಕ್ಕ. "ನೋಡಿದೆಯಾ ಅಣ್ಣು? ನಲವತ್ತು ದಿನವಂತೆ."

ಮಲ್ಪೆಯಿಂದ ಮರಳಿದ ಅಪ್ಪಿ ಬಾಗಿಲಲ್ಲಿ ನಿಂತಿದ್ದಳು. ಖಾಲಿ ಗುಂಡಿ ನೋಡಿಯೇ ಬಂದಿದ್ದಳು. ಒಳಗೆ ಕಾಲಿಡಲಿಲ್ಲ. ಕೈಚಾಚಿ ಗಾರೆ ಮುಟ್ಟಿದಳು. ಥಟ್ಟನೆ ಕೈ ಹಿಂದೆಗೆದಳು.

"ಬಿಸಿ ಉಂಟು," ಎಂದಳು.

ಟಪ್.

ಗೋಡೆಯಿಂದ ಉಗುರಿನಷ್ಟು ಚಕ್ಕೆ ಹಾರಿತು. ದಾಮೋದರ ಎದೆ ಹಿಡಿದುಕೊಂಡ. ಪಕ್ಕೆಯೊಳಗೆ ಏನೋ ಒಡೆದಿತ್ತು. ಸಣ್ಣದು. ಸಾಸಿವೆಯಷ್ಟು.

ಟಪ್.

ಮತ್ತೊಂದು. ಈ ಸಲ ಎಡಗಡೆ. ಬಾಯಲ್ಲಿ ಬಿಸಿ. ಸುಣ್ಣದ ರುಚಿ. ನೆತ್ತರ ರುಚಿ. ಉಗುಳಿದ. ಬಿಳಿಯೂ ಕೆಂಪೂ. ಗೋಡೆಯತ್ತ ಓಡಿದ. ಉಗುರಿನಿಂದ ಕೆರೆದ. ಗಾರೆ ಆಗಲೇ ಕಲ್ಲಾಗಿತ್ತು. ಉಗುರು ಕಿತ್ತುಬಂತು. ಗಾರೆ ಕದಲಲಿಲ್ಲ.

"ಎಷ್ಟು... ಎಷ್ಟು ಹರಳು ಇದೆ ಅದರಲ್ಲಿ?"

ಅಪ್ಪಿ ಗೋಡೆಯನ್ನೂ ಅವನನ್ನೂ ನೋಡಿದಳು.

"ನೀವು ಜರಡಿ ಹಿಡಿಯಲಿಲ್ಲ ಅಲ್ವಾ," ಎಂದಳು.

ಅಣ್ಣು ಹೊರಗೆ ಓಡಿಬಂದು ಕರಣೆ ತೊಳೆಯತೊಡಗಿದ. ಬಕೆಟಿನ ನೀರಿನ ಸದ್ದಿನ ನಡುವೆಯೂ ಅವನಿಗೆ ಆ ಟಪ್ ಕೇಳಿಸುತ್ತಿತ್ತು, ಒಂದಾದ ಮೇಲೆ ಒಂದು. ದಾಮೋದರನ ಕೂಗು ಬೇಗ ನಿಂತಿತು. ಗೋಡೆಯ ಸದ್ದು ಮಾತ್ರ ಸಂಜೆಯವರೆಗೂ ನಿಲ್ಲಲಿಲ್ಲ.