ಯಾರೂ ಹೇಳದ ಸಿಳ್ಳೆ

"ಕೈ ಬಿಡ್ರೀ! ಇಲ್ಲಾಂದ್ರ ಇಡೀ ಥಿಯೇಟರ್ ಎದ್ದು ನಿಂದರೂ ಹಂಗ ಒದರ್ತೇನಿ!"

ರೂಪಾಲಿಯ ಕೈ ಹಿಡಿದಿದ್ದವನು ಪಕ್ಕದ ಸೀಟಿನ, ಮಂಕಿ ಕ್ಯಾಪು-ಮಾಸ್ಕಿನವ. ಬೆಳಗಾವಿಯಲ್ಲಿ ಸೂಪರ್‌ಸ್ಟಾರ್ ಸುಯೋಗನ ಹೊಸ ಚಿತ್ರದ ಮೊದಲ ಶೋ. ಪರದೆಯ ಮೇಲೆ ಹೀರೋ ರೌಡಿಗಳನ್ನು ಗಾಳಿಗೆ ತೂರುತ್ತಿದ್ದ.

"ಮುಂದ ಕುಂತಾಂವ ಟಾರ್ಚ್ ಹಾಕಿದ ಕೂಡ್ಲೇ ನೀ ಸೀಟಿ ಹೊಡೀತಿ. ಯಾಕ?"

"ಅಂವಾ ಅಭಿಮಾನಿ ಸಂಘದ ಗಜಾನನಣ್ಣ. ಟಾರ್ಚ್ ಬಿತ್ತಂದ್ರ ಸೀಟಿ ಬೀಳಬೇಕು. ಡ್ಯೂಟಿರೀ! ಖಾನಾಪುರದ ರೂಪಾಲಿ ಸೀಟಿ ಅಂದ್ರ ಎಮ್ಮಿ ಸುದ್ದಾ ಹೊಳ್ಳಿ ನೋಡ್ತಾವು!"

"ಅಂದ್ರ... ಖರೇ ಸೀಟಿ ಅಲ್ಲ?"

ಇಂಟರ್‌ವಲ್. ದೀಪ ಹೊತ್ತಿತು. ಕೆನ್ನೆಯ ಕಣ್ಣೀರು ಒರೆಸಲು ಅವನು ಮಾಸ್ಕ್ ಇಳಿಸಿದ.

ಅಯ್ಯಯ್ಯೋ!

ಈಗಷ್ಟೇ ರೌಡಿಗಳನ್ನು ಚಚ್ಚಿದ ಅದೇ ಮುಖ! ಸುಯೋಗ! ಅಳುತ್ತಿದ್ದಾನೆ!

"ಪ್ರತಿ ಸಿನಿಮಾಕ್ಕೂ ಹಿಂಗ ಕದ್ದು ಬಂದು ಕುಂದರ್ತೇನಿ. ಜನಾ ನನ್ನ ಮೆಚ್ಯಾರೋ ಇಲ್ಲೋ ಅಂತ... ಇವತ್ತ ಗೊತ್ತಾತು. ಸಾಕು. ಇನ್ನ ಸಿನಿಮಾ ಮಾಡಂಗಿಲ್ಲ!"

ಎದ್ದು ಹೋಗಿಬಿಟ್ಟ. ರೂಪಾಲಿ ಹಿಂದೆ ಓಡುವಷ್ಟರಲ್ಲಿ ಜನರ ನಡುವೆ ಮಾಯ!

ಮನಸ್ಸು ಕೆಟ್ಟರೆ ಅವನು ಬರುವುದು ಖಾನಾಪುರಕ್ಕೆ, ಅಜ್ಜಿ ಶಾಂತಮ್ಮನ ಮನೆಗೆ ಎಂದು ಊರಿಗೆಲ್ಲ ಗೊತ್ತು. ಮರುದಿನ ಸಂಜೆ ಮಲಪ್ರಭೆಯ ದಂಡೆಯಲ್ಲಿ ಒಬ್ಬನೇ ಕೂತಿದ್ದ.

"ಯಾಕ ಬಂದಿ? ಟಾರ್ಚ್ ಎಲ್ಲೈತಿ?"

"ನೀವು ಹೋದ ಮ್ಯಾಲೆ ಒಂದು ಸೀಟಿ ಹೊಡದೆ. ಯಾರೂ ಟಾರ್ಚ್ ಹಾಕಿರಲಿಲ್ಲ. ಸಿನಿಮಾದಾಗ ನೀವು ಅವ್ವನ ಮುಂದ ಊಟಕ್ಕ ಕುಂತಿರ್ತೀರಿ, ತುಟಿ ನಡಗ್ತಾವು, ಒಂದು ಮಾತೂ ಬರಂಗಿಲ್ಲ... ಅಲ್ಲಿ! ಗಜಾನನಣ್ಣ ಬೈದ, 'ಅಳೂ ಸೀನಿಗೆ ಯಾರರ ಸೀಟಿ ಹೊಡೀತಾರೇನ, ಹುಚ್ಚಿ!' ಅಂತ."

ಸುಯೋಗನ ಮುಖ ಬಿಳಿಚಿತು.

"ಆ ಸೀನದಾಗ... ನಾ ಆ್ಯಕ್ಟಿಂಗ್ ಮಾಡಿರಲಿಲ್ಲ. ಡೈಲಾಗ್ ಮರ್ತಿದ್ದೆ. ಖರೇನ ಹೆದರಿದ್ದೆ! ಅದನ್ನ ತಗೀರಿ ಅಂತ ಡೈರೆಕ್ಟರ್ ಕಾಲಿಗೆ ಬಿದ್ದಿದ್ದೆ!"

ಶಾಕ್ ಮೇಲೆ ಶಾಕ್! ಹಾಗಾದರೆ ತನ್ನ ಮನಸ್ಸು ಜಾರಿದ್ದು...

"ಆ ಸೀಟಿ ಸ್ಟಾರ್‌ಗ ಅಲ್ರೀ," ಎಂದಳು ಮೆಲ್ಲಗೆ. "ಹೆದರಿದ ಆ ಹುಡುಗಗ."

ಅವನು ಮತ್ತೆ ಅವಳ ಕೈ ಹಿಡಿದ. ಈ ಸಲ ಅವಳು ಒದರಲಿಲ್ಲ.

"ರೂಪಾಲಿ... ನಾ... ನಿನ್ನ..." ತುಟಿ ನಡುಗಿತು. "ಅಯ್ಯೋ, ಮತ್ತ ಮರ್ತೆ!"

ಅವಳು ಇನ್ನೊಂದು ಕೈಯ ಎರಡು ಬೆರಳು ತುಟಿಗಿಟ್ಟಳು. ಆಚೆ ದಂಡೆಯ ಎಮ್ಮೆಗಳೆಲ್ಲ ತಿರುಗಿ ನೋಡಿದವು!

"ಇದು... ಖರೇ?"

"ನಿಮ್ಮಾಣಿ ಖರೇ. ಇನ್ನೊಮ್ಮೆ ಮರೀರಿ, ನೋಡೂಣು!"