ಮೂರು ಬೆರಳ ಆಳ

ಎರಡು ದಿನ ರಜೆ, ಎರಡು ದಿನವೂ ಮಳೆ. ಮೂರನೆಯ ಬೆಳಿಗ್ಗೆ ಸಸ್ಯತೋಟದ ಬಾಗಿಲು ತೆಗೆದ ಕಾವಲುಗಾರ ಬೊಬ್ಬೆ ಹೊಡೆದ. ಅರವತ್ತು ಗಿಡಗಳೂ ಮಾಯ! ಇಡೀ ಬೆಟ್ಟದಲ್ಲಿ ಆ ಜಾತಿಯದು ಉಳಿದಿದ್ದೇ ಆ ಅರವತ್ತು. ಮಾಗದ ಗಾಯಕ್ಕೆ ಅದರ ಬೇರು ತೇದು ಹಚ್ಚುತ್ತಾರೆ. ಆ ಗುಣವೇ ಅದಕ್ಕೆ ಮುಳುವಾಯಿತು. ಬೆಟ್ಟ ಬೋಳಿಸಿದ ಪಾಪಿಗಳು ಕೊನೆಯ ಪಾತಿಯನ್ನೂ ಬಿಡಲಿಲ್ಲ. ಥೂ!

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ತೋಟದ ನಿರ್ದೇಶಕರು ಕಳ್ಳಿಯನ್ನೂ ಹಿಡಿದಿಟ್ಟಿದ್ದರು. ಬೆಟ್ಟದ ಬುಡದ ನಾಟಿ ವೈದ್ಯೆ, ಎಪ್ಪತ್ತು ದಾಟಿದ ಅಜ್ಜಿ.

ನಿರ್ದೇಶಕರು ಒಂದು ಗುಂಡಿ ಕೆದಕಿ ತೋರಿಸಿದರು. “ನೋಡಿ ಮೇಡಂ. ಬೇರು ಕಿತ್ತು, ಮೊಗ್ಗಿರೋ ತಲೆ ಮಾತ್ರ ಮುರಿದು ವಾಪಸ್ ನೆಟ್ಟಿದಾಳೆ, ಮತ್ತೆ ಚಿಗುರ್ಲಿ ಅಂತ. ಇದು ಇವಳ ಮನೆತನದ ಪದ್ಧತಿ.”

“ಬೀಜ ಉದುರೋ ಮುಂಚೆ ನಾನು ಬೇರು ಮುಟ್ಟಲ್ಲಮ್ಮ,” ಅಜ್ಜಿ ಕಿಡಿಕಾರಿದಳು.

ಅಜ್ಜಿಯ ಮನೆ ಜಾಲಾಡಿದರು. ಸಿಕ್ಕಿದ್ದು ಒಂದೇ ಒಂದು ಬೇರು.

“ಸಿಕ್ತಲ್ಲ!” ನಿರ್ದೇಶಕರು ಕುಣಿದರು.

“ಇದಕ್ಕೆ ಜೇಡರ ಬಲೆ ಕಟ್ಟಿದೆ ಸಾರ್. ಎಷ್ಟೋ ವರ್ಷದ್ದು,” ಎಂದರು ಇನ್ಸ್‌ಪೆಕ್ಟರ್.

*

ಮಧ್ಯಾಹ್ನ, ನಿರ್ದೇಶಕರ ಕೋಣೆ.

“ಬೇರಿನ ತಲೆ ಎಷ್ಟು ಆಳಕ್ಕೆ ನೆಡಬೇಕು ಸಾರ್?”

“ಮೂರು ಬೆರಳು. ನನ್ನ ಪುಸ್ತಕದಲ್ಲೇ ಇದೆ, ಚಿತ್ರ ಸಮೇತ.”

“ಅಜ್ಜಿಗೂ ಹೇಳಿದ್ರಾ?”

“ಅವಳು ಕೇಳ್ಬೇಕಲ್ಲ! ಮೊಗ್ಗು ಮಣ್ಣಿಂದ ಮೇಲೆ ಇರ್ಬೇಕು, ಇಲ್ಲಾಂದ್ರೆ ಕೊಳೆಯುತ್ತೆ ಅಂತ ಹತ್ತು ವರ್ಷದಿಂದ ನನ್ನ ಜೊತೆ ಜಗಳ.”

“ಹೌದಾ? ಹತ್ತು ಗುಂಡಿ ಕೆದಕಿ ನೋಡ್ದೆ. ಹತ್ತರಲ್ಲೂ ಮೂರು ಬೆರಳ ಆಳ. ಅಜ್ಜಿ ಆಗಿದ್ರೆ ಮೇಲೆ ನೆಡ್ತಿದ್ರು. ಹೊರಗಿನ ಕಳ್ಳ ನೆಡ್ತಾನೇ ಇರ್ಲಿಲ್ಲ. ಅಜ್ಜಿ ಮೇಲೆ ಗೂಬೆ ಕೂರಿಸೋಕೆ ಹೋದಾಗಲೂ ನಿಮ್ಮ ಪುಸ್ತಕ ನೀವು ಬಿಡ್ಲಿಲ್ಲ. ತೋಟದಲ್ಲಿ ನಾವಿನ್ನೂ ನೋಡದೇ ಇರೋದು ಬೀಜದ ಕೋಣೆ ಒಂದೇ, ಕೀಲಿ ಕೊಡಿ.”

ಕೀಲಿ ಇದ್ದಿದ್ದು ಅವರೊಬ್ಬರ ಹತ್ತಿರ. ಒಣಗಿಸುವ ಪೆಟ್ಟಿಗೆಯಲ್ಲಿ ಅರವತ್ತು ಬೇರು, ಮೇಲೆ ಹೊರದೇಶದ ವ್ಯಾಪಾರಿಯ ವಿಳಾಸ. ಗಿಡ ಉಳಿಸಿದ್ದಕ್ಕೆ ಸನ್ಮಾನ ಮಾಡಿಸಿಕೊಂಡ ಮನುಷ್ಯ!

*

ನಿರ್ದೇಶಕನನ್ನು (ಇನ್ನೆಂಥ ಬಹುವಚನ ಅವನಿಗೆ?) ಜೀಪು ಹತ್ತಿಸಿದರು.

“ಬನ್ನಿ ಅಜ್ಜಿ, ಮನೆಗೆ ಬಿಡ್ತೀನಿ.”

ಅಜ್ಜಿ ಆಗಲೇ ಪಾತಿಯಲ್ಲಿ ಮೊಣಕಾಲೂರಿದ್ದಳು. “ಮನೆ ಎಲ್ಲಿಗೆ ಓಡಿಹೋಗುತ್ತೆ? ಈ ಮೊಗ್ಗುಗಳಿಗೆ ಉಸಿರು ಕಟ್ತಾ ಇದೆ. ನೀನೂ ಕೂತ್ಕೋ, ಮೇಲೆತ್ತು.”

ಇಬ್ಬರೂ ಸಂಜೆಯವರೆಗೆ ಎತ್ತಿದರು. ನಲವತ್ತೊಂದು ಗಟ್ಟಿಯಾಗಿದ್ದವು. ಉಳಿದ ಹತ್ತೊಂಬತ್ತು ಮಾತ್ರ, ಬೆರಳು ಸೋಕಿದರೆ ಕಲಸಿಹೋಗುತ್ತಿದ್ದವು.

ಕೊಳೆತ ಒಂದನ್ನು ಅಜ್ಜಿ ಇನ್ಸ್‌ಪೆಕ್ಟರ್ ಅಂಗೈಗೆ ಹಾಕಿದಳು.

“ಕೊಲೆ ಅಂತ ಬರ್ಕೋ ಮಗಳೇ.”